ಹುಬ್ಬಳ್ಳಿಯಿಂದ ಮುಂಬೈಗೆ, ಎಲೆಯ ಲೆಕ್ಕದಲ್ಲಿ

ಹುಬ್ಬಳ್ಳಿಯಿಂದ ಮುಂಬೈಗೆ ವಿಮಾನದಲ್ಲಿ ಒಂದೂ ಕಾಲು ತಾಸು. ಆಕಾಶದ ಹಾದಿ ಐದುನೂರು ಕಿಲೋಮೀಟರೂ ಇಲ್ಲ. ಮೊಬೈಲು ನೋಡಿ ಇಷ್ಟನ್ನು ಗತ್ತಿನಿಂದ ಹೇಳಿದೆ. ಅವ್ವ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

“ಅದು ವಿಮಾನದ ಲೆಕ್ಕ. ಎಲಿ ಲೆಕ್ಕ ಹೇಳ,” ಎಂದಳು.

ನಮ್ಮದು ಸವಣೂರು. ಅವ್ವನಿಗೆ ವೀಳ್ಯದೆಲೆಯ ವ್ಯಾಪಾರ. ಬಳ್ಳಿಯಿಂದ ಚಿವುಟಿದ ಎಲೆ ತಟ್ಟೆಗೆ ಬರುವವರೆಗೆ ಎಷ್ಟು ಹೊತ್ತು ಎಂಬುದೇ ಅವಳಿಗೆ ದೂರ. ಅಕ್ಕಿಆಲೂರಿನ ಸಂತೆಗೆ ಕಟ್ಟುವ ಕಟ್ಟು ಬೇರೆ, ಹಿರೇಕೆರೂರಿನ ಮದುವೆಗೆ ಕಟ್ಟುವುದೇ ಬೇರೆ. ಅವಳ ಲೆಕ್ಕ ತಪ್ಪಿದ್ದು ನಾನು ಕಂಡಂತೆ ಒಂದೇ ಸಲ.

ಎಂಟು ವರ್ಷದ ಹಿಂದೆ, ಮುಂಬೈಯಲ್ಲಿರುವ ತನ್ನ ತಂಗಿಯ, ಅಂದರೆ ನನ್ನ ಚಿಗವ್ವನ, ಹಿರಿಮಗಳ ನಿಶ್ಚಯಕ್ಕೆ ಬಸ್ಸಿನಲ್ಲಿ ಎಲೆ ಒಯ್ದಿದ್ದಳು. ಬಸ್ಸು ಘಾಟಿನಲ್ಲಿ ಕೆಟ್ಟು ನಿಂತಿತು, ಎಲೆ ಕಪ್ಪಾದವು. “ಶುಭಕಾರ್ಯಕ್ಕ ಕೊಳತ ಎಲಿ ತಂದಾಳ,” ಎಂದು ಚಿಗವ್ವ ಬೀಗರ ಮುಂದೆಯೇ ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು. ಅವ್ವ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಈಗ ಕಿರಿಮಗಳ ನಿಶ್ಚಯ. ಚಿಗವ್ವ ತಾನೇ ಫೋನು ಮಾಡಿ ಕರೆದಿದ್ದಳು. ಈ ಸಲವೂ ಎಲೆ ತನ್ನದೇ ಎಂದು ಅವ್ವ ಹಟ ಹಿಡಿದಳು.

ಬೆರಳು ಮಡಚಿ ಎಣಿಸಿದೆ. ಶಿಗ್ಗಾವಿ ದಾಟಿ ಹುಬ್ಬಳ್ಳಿ ನಿಲ್ದಾಣಕ್ಕೆ ಒಂದೂವರೆ ತಾಸು, ಅಲ್ಲಿ ಕಾಯುವುದು ಎರಡು, ಹಾರುವುದು ಒಂದೂ ಕಾಲು, ಮುಂಬೈಯ ರಸ್ತೆಯಲ್ಲಿ ಮತ್ತೆರಡು. ಏಳು ತಾಸು ಹಿಡಿ ಅಂದೆ.

“ಹನ್ನೆರಡಂತ ಕಟ್ತೇನಿ,” ಎಂದಳು.

ನಸುಕಿನಲ್ಲಿ ತೋಟಕ್ಕೆ ಹೋಗಿ ತಾನೇ ಚಿವುಟಿದಳು. ಒಂದೊಂದರ ನೀರು ಒರೆಸಿ, ಚುಕ್ಕೆಯಿದ್ದದ್ದನ್ನು ತೆಗೆದು, ತೊಟ್ಟು ಹೊರಗೆ ಬರುವಂತೆ ಜೋಡಿಸಿ, ಬಾಳೆಲೆ ಸುತ್ತಿ, ಮೇಲೆ ಚೆನ್ನಾಗಿ ಹಿಂಡಿದ ಹಸಿ ಅರಿವೆ ಕಟ್ಟಿದಳು. ಆ ಕೈಗಳನ್ನೇ ನೋಡುತ್ತ ಕೂತೆ. ನಾನು ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದೇನೆ, ಒಂದು ದಿನವೂ ಅಷ್ಟು ನಿಗಾದಿಂದ ಹೇಳಿಲ್ಲ.

ನಿಲ್ದಾಣದಲ್ಲಿ ತಪಾಸಣೆಯವ ಕಟ್ಟು ಬಿಚ್ಚಿಸಿದ. “ತೊಟ್ಟ ಹಿಡದ ಎತ್ರಿ, ಮೈ ಮುಟ್ಟಬ್ಯಾಡ್ರಿ,” ಎಂದು ಅವ್ವ ಅವನಿಗೇ ಪಾಠ ಹೇಳಿದಳು. ಭಾಷೆ ತಿಳಿಯಿತೋ ಇಲ್ಲವೋ, ಪುಣ್ಯಾತ್ಮ ಹಾಗೆಯೇ ಎತ್ತಿ ನೋಡಿದ. ಆಮೇಲೆ ವಿಮಾನ ಮೂರು ತಾಸು ತಡ ಎಂದರು. ನಾನು ಮತ್ತೆ ಬೆರಳು ಮಡಚಿ ಎಣಿಸಿದೆ, ಏಳಿದ್ದದ್ದು ಹತ್ತಾಯಿತು. ಅವ್ವ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಬೆರಳು ಮಾತ್ರ ಅರಿವೆಯ ತಂಪನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು.

ನಾವು ಮನೆ ಸೇರುವಾಗ ಬೀಗರು ಬಂದು ಕೂತಿದ್ದರು. ಚಿಗವ್ವ ಓಡಿ ಬಂದು, ಕಟ್ಟನ್ನು ಇಸಿದುಕೊಂಡು ಪಕ್ಕಕ್ಕಿಟ್ಟು, ಅವ್ವನ ಎರಡೂ ಕೈ ಹಿಡಿದಳು.

“ಬಿಚ್ಚಿ ನೋಡ,” ಎಂದಳು ಅವ್ವ.

“ನೋಡೂದೇನೈತಿ ಯಕ್ಕಾ, ನೀ ಬಂದಿಯಲ್ಲ, ಸಾಕು.”

“ಎಲ್ಲಾರ ಮುಂದ ಬಿಚ್ಚಿ ನೋಡ.”

ಚಿಗವ್ವ ಬಿಚ್ಚಿದಳು. ಎಲೆ ಈಗಷ್ಟೇ ಚಿವುಟಿದಂತೆ ಹಸಿರಾಗಿದ್ದವು. ಅವಳು ಬೀಗರತ್ತ ತಿರುಗಿ, “ನಮ್ಮಕ್ಕ ತಂದ ಎಲಿ ರೀ. ಒಂದೂ ಬಾಡಿಲ್ಲ ನೋಡ್ರಿ,” ಎಂದಳು. ಆಮೇಲೆ ದನಿ ತಗ್ಗಿಸಿ, “ಅವತ್ತ ನಾ ಹಂಗ ಅನಬಾರದಿತ್ತು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವ ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ, ತಂಗಿಯ ಬಾಯಿಗಿಟ್ಟಳು.

“ಮೊದಲ ತಿನ್ನ,” ಎಂದಳು. “ಅಳೂದು ಆಮ್ಯಾಲೆ.”