ದೊರೆ ಕೊಟ್ಟ ಇಪ್ಪತ್ನಾಲ್ಕು ಇಂಚಿನ ಸೈಕಲ್

೧೯೪೩ರಲ್ಲಿ ಮೂಡಿಗೆರೆಯಲ್ಲಿ ನನ್ನದೊಂದು ಸೈಕಲ್ ಷಾಪ್ ಇತ್ತು. ಯುದ್ಧದಿಂದಾಗಿ ಹೊಸ ಸೈಕಲ್ ಬರುವುದು ನಿಂತಿತ್ತು. ಹಳೆಯವನ್ನೇ ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದೆ. ಗಿರಾಕಿಗಳು ಬಣ್ಣ ನೋಡುವರು, ಬೆಲ್ ಬಾರಿಸಿ ನೋಡುವರು. ಫ್ರೇಮ್ ಸೈಜ್ ಕೇಳುವ ಪುಣ್ಯಾತ್ಮರೇ ಇಲ್ಲ. ಪೆಡಲ್ ತಿರುಗುವ ಅಚ್ಚಿನಿಂದ ಸೀಟಿನ ಪೈಪ್ ಮುಗಿಯುವವರೆಗಿನ ಉದ್ದವೇ ಫ್ರೇಮ್ ಸೈಜ್. ಅಡ್ಡ ಪೈಪಿನ ಆಚೆಗೊಂದು ಈಚೆಗೊಂದು ಕಾಲು ಹಾಕಿ ನಿಂತರೆ ಎರಡೂ ಪಾದ ನೆಲಕ್ಕೆ ಊರಬೇಕು, ಪೈಪಿಗೂ ಮೈಗೂ ನಡುವೆ ಎರಡು ಬೆರಳು ಜಾಗ ಉಳಿಯಬೇಕು. ಬಣ್ಣ ಬಳಿಯಬಹುದು, ಚೈನ್ ಬದಲಿಸಬಹುದು. ಫ್ರೇಮನ್ನು ಗಿಡ್ಡ ಮಾಡಲಾಗದು. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಕಿವಿಗೆ ಹಾಕಿಕೊಂಡವರೆಂದರೆ ಬಣಕಲ್ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತಿಮ್ಮಪ್ಪ. ಕುಳ್ಳಗಿನ ಆಸಾಮಿ. ಅವರ ಇಂಗ್ಲಿಷ್ ದೊರೆ ಪಕ್ಕದ ತೋಟವನ್ನೂ ಕೊಂಡಿದ್ದರಿಂದ ಬೆಳಗಿನ ಆಳುಗಳ ಹಾಜರಿಯನ್ನು ಎರಡೂ ಕಡೆ ಇವರೇ ತೆಗೆಯಬೇಕಿತ್ತು. ಸೈಕಲ್ ಇಲ್ಲದಿದ್ದರೆ ಬೇರೆ ರೈಟರನ್ನು ನೋಡಿಕೊಳ್ಳುತ್ತೇನೆಂದು ದೊರೆ ಹೇಳಿಯಾಗಿತ್ತು. ನನ್ನಲ್ಲಿದ್ದ ಇಪ್ಪತ್ತು ಇಂಚಿನದನ್ನು ಹತ್ತಿ, ಪೇಟೆಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು, ಎರಡೂ ಪಾದ ಊರಿ ನಿಂತು ನಕ್ಕರು.

"ಮಾರಾಯ್ರೆ, ಇದು ನಂಗೇ ಅಂತ ಮಾಡಿಸಿದ ಹಾಗಿದೆ. ಸಂತೆ ದಿನ ಬಂದು ತಗೊಂಡು ಹೋಗ್ತೀನಿ, ಯಾರಿಗೂ ಕೊಡಬೇಡಿ."

ಸಂತೆ ದಿನ ಬಂದರು, ಇಪ್ಪತ್ನಾಲ್ಕು ಇಂಚಿನ ಸೈಕಲ್ಲೊಂದನ್ನು ತಳ್ಳಿಕೊಂಡು. ದೊರೆ ತಮ್ಮ ಹಳೆಯದನ್ನೇ ಕೊಟ್ಟುಬಿಟ್ಟಿದ್ದರು. ದೊರೆ ಆರಡಿ ಆಳು. ಅಡ್ಡ ಪೈಪ್ ತಿಮ್ಮಪ್ಪನವರ ಸೊಂಟಕ್ಕೇ ಬರುತ್ತಿತ್ತು.

"ಬೇಡ ಅನ್ನಿ," ಎಂದೆ.

"ಪ್ರೀತಿಯಿಂದ ಕೊಟ್ಟಿದ್ದನ್ನ ಹೆಂಗೆ ಬೇಡ ಅನ್ನೋದು? ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ಅಂತಾರೆ. ದೊರೆ ದಿನಾ ಬೆಳಗ್ಗೆ ಸೈಕಲ್ ಹೇಗಿದೆ ಅಂತ ಕೇಳ್ತಾರೆ ಮಾರಾಯ್ರೆ, ಬೇರೇದು ಹತ್ಕೊಂಡು ಹೋಗೋಕಾಗುತ್ತಾ?"

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಸೀಟನ್ನು ತಳಮಟ್ಟಕ್ಕೆ ಇಳಿಸಿ, ಪೆಡಲುಗಳಿಗೆ ಮರದ ತುಂಡು ಕಟ್ಟಿದೆ. ತುಳಿಯಲು ಕಾಲು ಎಟುಕಿತು. ನಿಲ್ಲಿಸಿದರೆ ನೆಲ ಎಟುಕಲಿಲ್ಲ. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

ದೊರೆ ಪೇಟೆಗೆ ಬಂದಾಗ ನಾನೇ ಧೈರ್ಯ ಮಾಡಿ, ತಿಮ್ಮಪ್ಪನವರಿಗೆ ಫ್ರೇಮ್ ದೊಡ್ಡದಾಯಿತು, ಬಿದ್ದಾರು ಎಂದೆ.

"ತಿಮ್ಮಪ್ಪ ಒಂದು ದಿನವೂ ಹೇಳಲಿಲ್ಲ. ನಿನಗೆ ನಿನ್ನ ಸೈಕಲ್ ಮಾರಬೇಕು, ಅಲ್ಲವಾ?" ಎಂದು ನಕ್ಕು ಕಾರು ಹತ್ತಿದರು. ಹೌದಲ್ಲ, ಅಂಗಡಿಯವನ ಮಾತನ್ನು ಯಾರು ನಂಬುತ್ತಾರೆ!

ಮಳೆಗಾಲ ಹಿಡಿದ ಮೇಲೆ ಬಣಕಲ್ಲಿನ ಇಳಿಜಾರಿನ ತಿರುವಿನಲ್ಲಿ ಎತ್ತಿನಗಾಡಿ ಅಡ್ಡ ಬಂತು. ಬ್ರೇಕ್ ಹಿಡಿಯಿತು, ಸೈಕಲ್ ನಿಂತಿತು, ತಿಮ್ಮಪ್ಪನವರ ಕಾಲಿಗೆ ನೆಲ ಸಿಗಲಿಲ್ಲ. ಸೈಕಲ್ ಸಮೇತ ಚರಂಡಿಗೆ ಬಿದ್ದರು. ತೊಡೆಯ ಮೂಳೆ ಮುರಿದು ಓರೆಯಾಗಿ ಕೂಡಿಕೊಂಡಿತು. ಮತ್ತೆ ಪೆಡಲ್ ತುಳಿಯುವ ಕಾಲಾಗಲಿಲ್ಲ ಅದು. ಕೆಲಸ ಹೋಯಿತು.

ಆಮೇಲೆ ದೊರೆ ಹೊಸ ರೈಟರನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಈ ಸಲ ನಗಲಿಲ್ಲ.

"ಇವನ ಕಾಲು ಅಳತೆ ಮಾಡು. ಸರಿಯಾದ ಸೈಜ್ ಕೊಡು."

ಅಳೆದೆ. ಅವನೂ ಕುಳ್ಳನೇ, ಇಪ್ಪತ್ತೇ ಇಂಚು. ಯಾರಿಗೂ ಕೊಡಬೇಡಿ ಎಂದು ತಿಮ್ಮಪ್ಪನವರು ಹೇಳಿದ್ದಕ್ಕೆ ಎತ್ತಿಟ್ಟಿದ್ದ ಸೈಕಲ್ಲನ್ನು ಇಳಿಸಿ, ಒರೆಸಿ ಕೊಟ್ಟೆ. ಅವನು ಪೇಟೆಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು ಎರಡೂ ಪಾದ ಊರಿ ನಿಂತಾಗ ನಾನು ಟೇಪ್ ಸುತ್ತಿಕೊಂಡು ಒಳಗೆ ಹೋದೆ.

ಕಾಲಿಗೆ ತಕ್ಕ ಫ್ರೇಮ್ ಆರಿಸುವುದು ಕಷ್ಟವಲ್ಲ, ಒಂದು ಟೇಪ್ ಸಾಕು. ಆದರೆ ಕೊಡುವವರು ತೆಗೆದುಕೊಳ್ಳುವವರ ಕಾಲಿನ ಅಳತೆ ಕೇಳುವುದಿಲ್ಲ ಎಂಬುದನ್ನು ಈ ಕಸುಬು ನನಗೆ ಕಲಿಸಿತು. ಒಬ್ಬನ ಕಾಲು ಮುರಿದ ಮೇಲೆ ಕೇಳುತ್ತಾರೆ, ಅದೂ ಇನ್ನೊಬ್ಬನ ಕಾಲಿನದು.