ಚಹಾ ಕುಡಿಯುವಷ್ಟು ಹೊತ್ತು

ಹೋದ ವಾರ ನಮ್ಮ ಅಂಗಡಿಗೆ ಹಾಲಿನ ಕ್ಯಾನು ಕಟ್ಟಿದ ಬೈಕೊಂದು ಬಂತು. ಎಂಜಿನ್ ಎಣ್ಣೆ ನೋಡಿಕೊಡಿ ಎಂದ ಅದರ ಮಾಲೀಕ. ನಾನು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಹತ್ತು ನಿಮಿಷ ಕೂತಿರಿ ಎಂದೆ. ಎಣ್ಣೆ ನೋಡಲಿಕ್ಕೆ ಹತ್ತು ನಿಮಿಷ ಯಾಕೆ, ನನ್ನ ಹಾಲು ಒಡೆದರೆ ನೀವು ಕೊಡುತ್ತೀರಾ ಎಂದು ಅವನು ತಕರಾರು ತೆಗೆದ. ಎಣ್ಣೆ ಕೆಳಗಿಳಿಯಬೇಕು ಎಂದೆ. ಮುದುಕನಿಗೆ ಅರಳುಮರಳು ಎಂದುಕೊಂಡನೋ ಏನೋ, ಕಿಕ್ ಹೊಡೆದು ಹೋಗಿಯೇಬಿಟ್ಟ. ನರಗುಂದದಲ್ಲಿ ಎಂಜಿನ್ ರಿಪೇರಿಗೆ ನನ್ನದೊಂದೇ ಅಂಗಡಿಯೇನಲ್ಲ. ಅವನು ಹೋದ ಮೇಲೆ ಸುಟ್ಟ ಎಣ್ಣೆಯ ವಾಸನೆ ಮಾತ್ರ ಬಾಗಿಲಲ್ಲಿ ನಿಂತಿತು. ಆ ವಾಸನೆಗೆ ನನಗೆ ಈರಣ್ಣನ ನೆನಪಾಗುತ್ತದೆ.

ಈರಣ್ಣ ಗಜೇಂದ್ರಗಡದವನು. ಗೋವೆಯ ಸಮುದ್ರದಂಡೆಯಲ್ಲಿ ಪ್ರವಾಸಿಗರನ್ನು ಹಾರಿಸುವವರ ಕೈಕೆಳಗೆ ಬಹಳ ವರ್ಷ ದುಡಿದು, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಿಗೆ ಈ ಕಡೆ ಮರಳಿದ. ಬರುವಾಗ ಒಂದು ವಿಚಿತ್ರ ಸಾಮಾನು ತಂದ. ಟೇಬಲ್ ಫ್ಯಾನಿಗಿರುವಂಥ ಜಾಲರಿ, ಆದರೆ ಆಳೆತ್ತರದ್ದು. ಅದರೊಳಗೆ ಕಟ್ಟಿಗೆಯ ಪಂಖ, ಪಂಖಕ್ಕೊಂದು ಎಂಜಿನ್. ಇಷ್ಟನ್ನೂ ಬೆನ್ನಿಗೆ ಬಿಗಿದುಕೊಂಡು, ಬಣ್ಣದ ಬಟ್ಟೆಯ ದೊಡ್ಡ ರೆಕ್ಕೆಯನ್ನು ದಾರಗಳಿಂದ ತಲೆಯ ಮೇಲೆಬ್ಬಿಸಿ ಓಡಿದರೆ ಮನುಷ್ಯ ಹಾರುತ್ತಾನೆ. ಪವರ್ ಪ್ಯಾರಾಗ್ಲೈಡರ್ ಎಂದು ಅವನು ಹೇಳುತ್ತಿದ್ದ. ನಮ್ಮ ಜನಕ್ಕೆ ಅದು ಫ್ಯಾನ್ ಗಾಡಿ.

ಅದರಿಂದ ಅವನು ಹೊಟ್ಟೆ ಹೊರೆದುಕೊಂಡದ್ದು ಮೇಲಿನಿಂದ ಜಾಹೀರಾತಿನ ಚೀಟಿ ಎಸೆದು. ಬಟ್ಟೆ ಅಂಗಡಿಯವರು, ಬೀಜದ ಕಂಪನಿಯವರು ಕರೆಯುತ್ತಿದ್ದರು. ರೋಣದಲ್ಲಿ ಅವನೆಸೆದ ಚೀಟಿಗಳೆಲ್ಲ ಒಬ್ಬ ಅಜ್ಜಿ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಗೆ ಅಂಟಿಕೊಂಡು ದೊಡ್ಡ ಜಗಳವಾಯಿತು. ಯಾವಗಲ್ಲಿನಲ್ಲಿ ಎತ್ತುಗಳು ಬೆದರಿ ಹಗ್ಗ ಹರಿದುಕೊಂಡು ಓಡಿದವು. ಊರವರು ಇಳಿದವನನ್ನು ಹಿಡಿದು ಬೇವಿನ ಗಿಡದ ಕೆಳಗೆ ಕೂರಿಸಿ ಬೈದರು, ಎತ್ತು ಸಿಕ್ಕ ಮೇಲೆ ರೊಟ್ಟಿ ಪಲ್ಯ ಉಣಿಸಿ ಕಳಿಸಿದರು. ಅವನೊಂದಿಗೆ ಬೈಗುಳ, ರೊಟ್ಟಿ ಎರಡನ್ನೂ ತಿಂದವನು ನಾನು. ಅವನು ಹಾರುವವನು, ನಾನು ಎಂಜಿನ್ ನೋಡಿಕೊಳ್ಳುವವನು. ಸ್ವತಃ ಒಂದು ದಿನವೂ ಹಾರಲಿಲ್ಲ. ಮಾಳಿಗೆಯ ನಿಚ್ಚಣಿಕೆ ಹತ್ತುವುದಿದ್ದರೂ ಬೇರೆಯವರನ್ನು ಕಳಿಸುವವನು ನಾನು.

ನಾನು ಪಂಪ್‌ಸೆಟ್ಟಿನ ಮಿಸ್ತ್ರಿ. ಪಂಪ್‌ಸೆಟ್ಟಿನ ಎಂಜಿನ್ನಿಗೆ ನಟ್ಟು ಬೋಲ್ಟು ಬಿಗಿದು ಒಂದು ಕಡೆ ಕೂರಿಸಿದರೆ ಮುಗಿಯಿತು, ಅದು ಮಲಗುವುದಿಲ್ಲ, ಮಗ್ಗುಲು ಬದಲಿಸುವುದಿಲ್ಲ. ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡಿದರೆ ಅದು ಹೇಳಿದ್ದು ನಿಜ. ಈರಣ್ಣನದು ಫೋರ್ ಸ್ಟ್ರೋಕ್ ಎಂಜಿನ್. ಬಹಳ ಜನರ ಬಳಿ ಇರುವ ಟೂ ಸ್ಟ್ರೋಕಿಗಾದರೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬಹುದು. ಇದಕ್ಕೆ ಹಾಗಲ್ಲ, ಹೊಟ್ಟೆಯಲ್ಲಿ ಎಣ್ಣೆ ಬೇರೆಯೇ ಇರಬೇಕು. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಸದ್ದು ಕಡಿಮೆ, ಆದರೆ ಮಲಗಿಸಿದರೆ ಎಣ್ಣೆ ಹೋಗಬಾರದಲ್ಲಿಗೆ ಹೋಗುತ್ತದೆ, ಗಾಳಿ ಕೊಳವೆಯಿಂದ ಹೊರಗೂ ಸೋರುತ್ತದೆ. ಆಗ ಕಡ್ಡಿಗೂ ಎಣ್ಣೆ ಮೆತ್ತಿಕೊಂಡು, ತುಂಬಿದೆ ಎಂದು ಸುಳ್ಳು ಹೇಳುತ್ತದೆ.

ಅದಕ್ಕೇ ಈರಣ್ಣ ಒಂದು ಪದ್ಧತಿ ಮಾಡಿದ್ದ. ಹಾರುವ ಜಾಗಕ್ಕೆ ಹೋದೊಡನೆ ಯಂತ್ರವನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಇಬ್ಬರೂ ಹತ್ತಿರದ ಹೋಟೆಲಿಗೆ ಹೋಗಿ ಒಂದೊಂದು ಚಹಾ ಕುಡಿಯುವುದು. ಚಹಾ ಮುಗಿಯುವಷ್ಟರಲ್ಲಿ ಎಣ್ಣೆ ತನ್ನ ಜಾಗಕ್ಕೆ ಇಳಿದಿರುತ್ತಿತ್ತು. ಬಂದು ನಾನು ಕಡ್ಡಿ ನೋಡಿ, ಸೀಮೆಸುಣ್ಣದಿಂದ ಜಾಲರಿಯ ಕೊಳವೆಯ ಮೇಲೆ ಒಂದು ಗೀಟು ಎಳೆಯುವುದು. ಗೀಟು ಕಂಡ ಮೇಲೆ ಅವನು ಮತ್ತೆ ನೋಡುತ್ತಿರಲಿಲ್ಲ. ಗಡಿಯಾರ ನಮ್ಮಿಬ್ಬರ ಕೈಯಲ್ಲೂ ಇತ್ತು, ಆದರೂ ಲೆಕ್ಕ ಚಹಾದ್ದೇ.

ಈರಣ್ಣನ ಅಕ್ಕ ಶಾಂತವ್ವನನ್ನು ಮಲಪ್ರಭೆಯ ಆಚೆ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ತಮ್ಮ ಗೋವೆಯ ಕೆಲಸ ಬಿಟ್ಟು ಫ್ಯಾನು ಹೊತ್ತು ತಿರುಗುತ್ತಾನೆ ಎಂದು ಅತ್ತೆಮನೆಯವರು ಆಕೆಯನ್ನು ಆಡಿಕೊಳ್ಳುತ್ತಿದ್ದರಂತೆ. ಒಮ್ಮೆ ನಮ್ಮ ಮನೆಯ ಮೇಲೆ ಹಾದು ಹೋಗು, ಇವರೂ ನೋಡಲಿ ಎಂದು ಆಕೆ ಫೋನು ಮಾಡಿದಳು. ಅವನಿಗೂ ಬೇಕಾಗಿತ್ತು.

ಮಳೆಗಾಲ, ಆದರೆ ಅಂದು ಆಕಾಶ ತಿಳಿಯಾಗಿತ್ತು. ಮೇಲೆಲ್ಲೋ ಸುರಿದ ಮಳೆಗೆ ಹೊಳೆ ದಂಡೆಗೆ ಹತ್ತಿಕೊಂಡಿತ್ತು. ಕೊಣ್ಣೂರಿನ ಈಚೆ ಒಂದು ಗರಸಿನ ದಿಬ್ಬದಿಂದ ಹಾರುವುದೆಂದು ಗೊತ್ತಾಯಿತು. ಟ್ರ್ಯಾಕ್ಟರಿನಲ್ಲಿ ಹೊರಟೆವು. ಈರಣ್ಣ ಮುಂದೆ ಡ್ರೈವರನ ಪಕ್ಕ, ನಾನು ಹಿಂದೆ ಟ್ರೇಲರಿನಲ್ಲಿ ಯಂತ್ರವನ್ನು ನೆಟ್ಟಗೆ ಹಿಡಿದುಕೊಂಡು. ದಾರಿ ತುಂಬ ತಗ್ಗು. ಅರ್ಧ ದಾರಿಗೆ ನನ್ನ ತೋಳು ಸೋತವು. ಸ್ವಲ್ಪ ಹೊತ್ತು ಎಂದು ಗೋಣಿಚೀಲ ಹಾಸಿ ಅದನ್ನು ಮಲಗಿಸಿದೆ. ಆಮೇಲೆ ಎಬ್ಬಿಸಲಿಲ್ಲ.

ದಿಬ್ಬದಲ್ಲಿ ಇಳಿಸಿ ನಿಲ್ಲಿಸಿದೆವು. ಅಲ್ಲಿ ಹೋಟೆಲು ಇರಲಿಲ್ಲ, ಹಾಗಾಗಿ ಚಹಾ ಇಲ್ಲ. ಚಹಾ ಇಲ್ಲವೆಂದಾಗ ಕಾಯುವುದೂ ಇಲ್ಲವಾಯಿತು. ಈ ಮಾತು ಎಷ್ಟು ಕ್ಷುಲ್ಲಕ ನೋಡಿ, ಒಂದು ಜೀವ ಹೋಗಲಿಕ್ಕೆ ಇದೇ ಕಾರಣ ಎಂದರೆ ಯಾರಾದರೂ ನಂಬುತ್ತಾರೆಯೇ? ಗಾಳಿ ಚೆನ್ನಾಗಿತ್ತು, ಈರಣ್ಣ ಆಗಲೇ ರೆಕ್ಕೆಯನ್ನು ನೆಲಕ್ಕೆ ಹಾಸಿ ದಾರ ಬಿಡಿಸುತ್ತಿದ್ದ. ನಾನು ಕಡ್ಡಿ ತೆಗೆದೆ. ಮೇಲಿನವರೆಗೂ ಎಣ್ಣೆ. ಪಂಪ್‌ಸೆಟ್ಟಿನ ಮಿಸ್ತ್ರಿಗೆ ಅಷ್ಟು ಸಾಕು, ಗೀಟು ಎಳೆದೆ.

"ಉಸ್ತಾದರ, ಎಣ್ಣಿ ನೋಡೀರಿ?" ಎಂದ.

"ನೋಡೇನಿ."

"ಹಂಗಾರ ನಂಗೇನ ಚಿಂತಿಲ್ಲ ಬಿಡ್ರಿ."

ಓಡಿದ, ಎದ್ದ, ಹೊಳೆಯ ಕಡೆ ತಿರುಗಿದ. ಅಕ್ಕನಿಗೆ ಮುಖ ಕಾಣಲಿ ಎಂದು ತಗ್ಗಿನಲ್ಲೇ ಹಾರುತ್ತಿದ್ದ. ಇತ್ತ ಟ್ರೇಲರಿನಲ್ಲಿ ಕೂರಲೆಂದು ಹತ್ತಿದ ನನ್ನ ಕೈಗೆ ಗೋಣಿಚೀಲ ಒದ್ದೆಯಾಗಿ ಹತ್ತಿತು. ಮೂಸಿ ನೋಡಿದೆ. ಎಣ್ಣೆಯೆಲ್ಲ ಅದರಲ್ಲಿತ್ತು. ನಾನು ಕೂಗಿದೆ, ದಂಡೆಯವರೆಗೆ ಓಡಿದೆ. ಹೊಳೆಯ ನಡುವೆ ಬಂದಾಗ ಎಂಜಿನ್ ಒಮ್ಮೆ ಕಿರುಚಿ ನಿಂತಿತು. ಎತ್ತರದಲ್ಲಿದ್ದರೆ ಎಂಜಿನ್ ನಿಂತರೂ ಆ ರೆಕ್ಕೆ ತೇಲಿಕೊಂಡು ಒಂದು ದಂಡೆ ಮುಟ್ಟಿಸುತ್ತಿತ್ತು. ಅವನು ತಗ್ಗಿನಲ್ಲಿದ್ದ. ನೀರಿಗೆ ಇಳಿದ. ಬೆನ್ನಿಗೆ ಅಷ್ಟು ಭಾರ ಬಿಗಿದುಕೊಂಡವನು ಈಜುವುದಾದರೂ ಹೇಗೆ? ಬಣ್ಣದ ಬಟ್ಟೆ ಸ್ವಲ್ಪ ದೂರ ನೀರಿನ ಮೇಲೆ ಕಂಡಿತು. ಎರಡನೆಯ ದಿನ ಕೆಳಗಿನ ಜಾಲಿಗಿಡಗಳಲ್ಲಿ ಸಿಕ್ಕ, ಯಂತ್ರ ಬೆನ್ನ ಮೇಲೆಯೇ ಇತ್ತು.

ಮಣ್ಣು ಮಾಡುವುದಕ್ಕೂ ಮೊದಲೇ ಪೊಲೀಸರು ಎಂಜಿನ್ ತಂದು ನನ್ನ ಮುಂದೆಯೇ ಇಟ್ಟರು. ಇಡೀ ತಾಲೂಕಿನಲ್ಲಿ ಅದನ್ನು ಬಲ್ಲವನು ನಾನೊಬ್ಬ. ಬಿಚ್ಚಿದೆ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು, ಎಣ್ಣೆಯಿಲ್ಲದೆ ಕಾದು ನೀಲಿಗಟ್ಟಿತ್ತು. ಆದರೆ ಪೊಲೀಸರಿಗೆ, ಎಂಜಿನ್ ಸರಿಯಾಗಿತ್ತು, ನೀರು ಹೊಕ್ಕು ಹಿಡಿದಿದೆ, ಹೊಳೆಯ ಗಾಳಿ ಅವನನ್ನು ಕೆಳಗೆ ಎಳೆದಿರಬೇಕು ಎಂದೆ. ಅವರು ಹಾಗೇ ಬರೆದುಕೊಂಡರು. ಗೋಣಿಚೀಲವನ್ನು ನಾನು ಮೊದಲೇ ಸುಟ್ಟುಹಾಕಿದ್ದೆ.

ತಪ್ಪನ್ನು ಗಾಳಿಯ ಮೇಲೆ ಹಾಕಿದರೆ ಯಾರಿಗೂ ತಾಗುವುದಿಲ್ಲ ಎಂದುಕೊಂಡಿದ್ದೆ. ಅದು ಶಾಂತವ್ವನಿಗೆ ತಾಗಿತು. ಹೊಳೆಯ ಗಾಳಿ ಕೊಂದಿತು ಎಂದಾದರೆ, ಹೊಳೆ ದಾಟು ಎಂದು ಕರೆದವಳು ತಾನಲ್ಲವೇ? ಪ್ರತಿ ವರ್ಷ ಅವನು ತೀರಿದ ದಿನದಂದು ಆಕೆ ಎಡೆ ಹಿಡಿದು ನನ್ನನ್ನು ಊಟಕ್ಕೆ ಕರೆಯುತ್ತಿದ್ದಳು. ಪ್ರತಿ ವರ್ಷ ಬಡಿಸುತ್ತ ಅದೇ ಮಾತು ಹೇಳುತ್ತಿದ್ದಳು: "ನಾ ಕರೀಲಿಲ್ಲಂದ್ರ ಅಂವ ಹೊಳಿ ದಾಟತಿದ್ದಿಲ್ರಿ ಅಣ್ಣಾರ." ಹಣೆಬರಹ ತಂಗಿ ಎಂದು ನಾನು ಹೋಳಿಗೆ ಮುರಿಯುತ್ತಿದ್ದೆ. ನಾಚಿಕೆಗೇಡಿ ನಾನು. ಊಟ ರುಚಿಯಾಗಿಯೇ ಇರುತ್ತಿತ್ತು.

ಹಾಲಿನವನು ಹೋದ ಮೂರನೆಯ ದಿನ ಈ ವರ್ಷದ ಊಟ. ಶಾಂತವ್ವನ ಕೂದಲು ಪೂರ್ತಿ ಬೆಳ್ಳಗಾಗಿದೆ. ತಾಟು ಇಟ್ಟು ಅದೇ ಮಾತಿಗೆ ಬಾಯಿ ತೆರೆದಳು. ಮೂರು ದಿನದಿಂದ ಆ ವಾಸನೆ ಮೂಗಿನಲ್ಲಿಟ್ಟುಕೊಂಡಿದ್ದ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ತೋಳು ಸೋತದ್ದು, ಗೋಣಿಚೀಲ, ಕಾಯದೆ ಎಳೆದ ಗೀಟು, ಪೊಲೀಸರ ಮುಂದೆ ಆಡಿದ ಸುಳ್ಳು.

ಆಕೆ ಕಂಬಕ್ಕೆ ಒರಗಿ ಕೂತಳು.

"ಅಂದ್ರ ನಾ ಕರದದ್ದಕ್ಕ ಅಲ್ಲೇನ್ರಿ?"

"ಅಲ್ಲ ತಂಗಿ. ನನ್ನಿಂದ."

"ಇಷ್ಟ ವರ್ಷ ನನ್ನ ಕೈಲೆ ನೀಡಿಸ್ಕೊಂಡ ಉಂಡ್ರಿ. ಒಂದ ಸಲನೂ ಬಾಯಿಗೆ ಬರಲಿಲ್ಲೇನ್ರಿ?"

ನಾನು ತಾಟು ಸರಿಸಿ ಎದ್ದೆ. ಇನ್ನು ಬರಬೇಡಿ ಎಂದಳು. ದನಿ ಏರಿಸಲಿಲ್ಲ.

ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಅಳು ಕೇಳಿತು. ತಮ್ಮನ ಹೆಸರು ಹಿಡಿದು, ಹಾಡಿಕೊಂಡು, ಹೆಣದ ಮುಂದೆ ಕೂತು ಅಳುವಂತೆ ಅಳುತ್ತಿದ್ದಳು. ಮಣ್ಣಿನ ದಿನ ಆಕೆ ಹಾಗೆ ಅತ್ತಿರಲಿಲ್ಲ. ಕೊಂದವಳೇ ತಾನು, ಇನ್ನು ಅಳುವುದು ಹೇಗೆ ಎಂದು ಬಾಯಿಗೆ ಸೆರಗು ತುರುಕಿಕೊಂಡು ಮೂಲೆಯಲ್ಲಿ ಕೂತಿದ್ದಳು. ಇಷ್ಟು ವರ್ಷ ಆ ಅಳುವನ್ನು ತಡೆದು ಹಿಡಿದವನು ನಾನು.