ಕಳ್ಳ ಕುಬಸದ ಪೇಟೆ

ಹೋದ ವರ್ಷ ಒಂದು ಸಂಜೆ ಅವ್ವ ಮತ್ತು ನಾನು ಬನಹಟ್ಟಿಯಿಂದ ಜಮಖಂಡಿಗೆ ಬಸ್ಸು ಹತ್ತಿದೆವು. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ಅವ್ವ, "ದೇವಿಗೆ ಉಡಿ ತುಂಬೂದೈತ್ರಿ, ಅದಕ್ಕ ಸಾಮಾನ ತರಾಕ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ಶುದ್ಧ ಸುಳ್ಳು! ನನ್ನ ಅಕ್ಕ ಬಸುರಾಗಿ ಮೂರು ತಿಂಗಳಾಗಿತ್ತು. ಕಳ್ಳ ಕುಬಸ ಮಾಡಬೇಕಿತ್ತು. ಊರೆಲ್ಲ ಕರೆದು ಸೀಮಂತದಂತೆ ಮಾಡುವ ಕುಬಸ ಆಮೇಲಿನದು. ಇದು ಬಾಗಿಲು ಹಾಕಿಕೊಂಡು, ತವರಿನ ಹೆಂಗಸರಷ್ಟೇ ಸೇರಿ, ಹಸಿರು ಖಣ, ಹಸಿರು ಬಳೆ, ಹೂವು ಕೊಟ್ಟು ಬಸುರಿಯ ಉಡಿ ತುಂಬುವ ಶಾಸ್ತ್ರ. ಹೊರಗಿನವರ ಕಿವಿಗೆ ಬೀಳಬಾರದು.

ಬಟ್ಟೆಗೆ ಬನಹಟ್ಟಿಯಲ್ಲಿ ಬರವೇ? ಓಣಿ ಓಣಿಯಲ್ಲೂ ಮಗ್ಗದ ಸದ್ದು. ಆದರೆ ಅಪ್ಪ ನೇಕಾರ, ಅಂಗಡಿಯವರೆಲ್ಲ ಗುರುತಿನವರು. ಅಲ್ಲಿ ಹಸಿರು ಖಣ ಕೈಗೆತ್ತಿಕೊಂಡರೆ ನಮಗಿಂತ ಮೊದಲು ಸುದ್ದಿ ಓಣಿ ಮುಟ್ಟುತ್ತದೆ. ಹಿಂದಿನ ಸಲ ಅಕ್ಕ ಬಸುರಾದಾಗ ಸುದ್ದಿ ಹಾಗೇ ಹಬ್ಬಿತ್ತು. ಖುಷಿ ತಡೆಯಲಾಗದೆ ಅವ್ವ ಓಣಿಗೆಲ್ಲ ಪೇಡೆ ಹಂಚಿಬಿಟ್ಟಿದ್ದಳು. ಕೆಲವೇ ದಿನಗಳಲ್ಲಿ ಅಕ್ಕನ ಗರ್ಭ ಹೋಯಿತು. ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ತನ್ನ ಬಾಯಿಂದಲೇ ಕೂಸು ಹೋಯಿತೆಂದು ನಂಬಿಕೊಂಡು ಕೂತಳು. ಅವತ್ತಿನಿಂದ ಅವಳು ನಕ್ಕದ್ದನ್ನೇ ನಾನು ಕಂಡಿರಲಿಲ್ಲ.

"ಪ್ಯಾಟ್ಯಾಗ ಬಾಯಿ ಬಿಟ್ಟಿ ಅಂದ್ರ ನೋಡ ಮತ್ತ," ಎಂದು ಬಸ್ಸಿಳಿಯುವಾಗ ನನ್ನ ತೋಳು ಚಿವುಟಿದಳು. ನನಗೋ ಅಕ್ಕನ ಕೂಸಿಗೆ ಮೌಶಿಯಾಗುವ ಸಂಭ್ರಮ. ಬಾಯಿ ಮುಚ್ಚಬಹುದು, ಕಾಲು ಕುಣಿಯುವುದನ್ನು ಹೇಗೆ ತಡೆಯುವುದು?

ಅದರಲ್ಲೂ ಸಂಜೆಯ ಹಳೇ ಪೇಟೆ! ಸಂಸ್ಥಾನದ ಕಾಲದ ಕಟ್ಟಿಗೆಯ ಮಾಳಿಗೆಗಳ ಕೆಳಗೆ ದೀಪಗಳೆಲ್ಲ ಒಮ್ಮೆಗೇ ಹತ್ತಿದವು. ತಾಮ್ರದ ಕೊಡಗಳು ಝಗ್ಗೆಂದವು. ಅಂಗಡಿ ಅಂಗಡಿಯಲ್ಲೂ ಫೋನಿನಲ್ಲಿ ದುಡ್ಡು ಬಂತೆಂದು ಕೂಗುವ ಡಬ್ಬಿಗಳು ಒಂದರ ಮೇಲೊಂದು ಅರಚುತ್ತಿದ್ದವು. ಬೆಲ್ಲದಂಗಡಿಯ ಮುಂದೆ ನಿಂತರೆ ಗಾಳಿಯೇ ಸಿಹಿ. ನಾಲ್ಕು ಹೆಜ್ಜೆ ಮುಂದೆ ಮಿರ್ಚಿ ಕರಿಯುವ ಘಾಟು ಮೂಗಿಗೆ ಬಡಿಯಿತು. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ ಎಂದು ನನಗೆ ತಿಳಿಯದಾಯಿತು.

ಖಣ ಸುಲಭವಾಗಿ ಸಿಕ್ಕಿತು. ಫಜೀತಿ ಆದದ್ದು ಬಳೆ ಅಂಗಡಿಯಲ್ಲಿ.

"ಹಸರ ಬಳಿ ಕೊಡ್ರಿ, ದೇವಿಗೆ," ಎಂದಳು ಅವ್ವ.

ಬಳೆಗಾರ ಮುಖ ಮೇಲೆತ್ತದೆ ಕೇಳಿದ, "ದೇವಿ ಕೈ ಅಳತಿ ಎಷ್ಟ್ರಿ?"

ಅವ್ವ ತಬ್ಬಿಬ್ಬಾದಳು. ಆಮೇಲೆ ನನ್ನ ಕೈಯನ್ನು ಎಳೆದು ಅವನ ಮುಂದೆ ಹಿಡಿದಳು. "ಈಕಿ ಕೈಯಷ್ಟ ಐತ್ರಿ. ತುಸು ದಪ್ಪ."

ತುಸು ದಪ್ಪ ಕೈಯ ದೇವಿ! ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ. ಬಳೆಗಾರ ನಗಲಿಲ್ಲ. ಬಳೆಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತ, "ದೇವಿಗೆ ಛಲೋ ಆಗ್ಲಿ ಬಿಡ್ರಿ ಯವ್ವಾ," ಎಂದ. ಅವ್ವ ಏನೂ ತಿಳಿಯದವಳಂತೆ ಚೀಲ ಎತ್ತಿಕೊಂಡು ನಡೆದಳು.

ಗಿರಮಿಟ್ಟಿನ ಗಾಡಿ ಕಂಡದ್ದೇ ನಾನು ಮುಂದೆ ಹೆಜ್ಜೆ ಇಡಲಿಲ್ಲ. ದೊಡ್ಡ ಬೋಗುಣಿಯಲ್ಲಿ ಚುರುಮುರಿ ಸುರಿದು, ಹುಳಿ ಸಿಹಿಯ ಗೊಜ್ಜು ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ ಸೇರಿಸಿ ಅವನು ಕಲಸುವ ಸಪ್ಪಳಕ್ಕೇ ನನ್ನ ಬಾಯಲ್ಲಿ ನೀರು. ಜೊತೆಗೆ ಬಿಸಿ ಮಿರ್ಚಿ. ಒಲ್ಲೆ ಒಲ್ಲೆ ಎನ್ನುತ್ತಲೇ ಅವ್ವ ನನ್ನ ಪ್ಲೇಟಿಗೆ ಕೈ ಹಾಕಿದಳು, ಆಮೇಲೆ ಪ್ಲೇಟನ್ನೇ ಕಸಿದುಕೊಂಡಳು. ಖಾರಕ್ಕೆ ಕಣ್ಣು ಮೂಗು ಸುರಿಯುತ್ತಿದ್ದರೂ ಬಿಡಲಿಲ್ಲ. ಬಹಳ ದಿನಗಳ ಮೇಲೆ ಅವಳು ಹೀಗೆ ತಿನ್ನುವುದನ್ನು ನೋಡಿ ನನಗೆ ಹೊಟ್ಟೆ ತುಂಬಿತು.

ಆ ಹುರುಪಿನಲ್ಲೇ ಹೂವಿನವರ ಸಾಲಿಗೆ ಬಂದೆವು. ಬುಟ್ಟಿ ಮುಂದಿಟ್ಟುಕೊಂಡಿದ್ದ ಮುದುಕಿ ಮಲ್ಲಿಗೆ ಮಾಲೆಯನ್ನು ಮೊಳ ಹಾಕುತ್ತ, "ಯಾರಿಗವ್ವಾ, ಈ ಹುಡಿಗಿಗೇನ?" ಎಂದು ಸುಮ್ಮನೆ ಕೇಳಿದಳು.

"ಇಲ್ಲಬೇ, ನನ್ನ ದೊಡ್ಡಾಕಿಗೆ! ಬಸರ ಅದಾಳ!"

ಅಂದದ್ದು ಅವ್ವ. ಅದೂ ಸಾಲಿಗೆಲ್ಲ ಕೇಳುವಂತೆ.

ಮರುಕ್ಷಣ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ಅಯ್ಯ ಶಿವನ, ಮತ್ತ ಅಂದ್ನಲ್ಲೋ," ಎಂದು ಬೆರಳ ಸಂದಿಯಲ್ಲೇ ಗೊಣಗಿದಳು. ನಾನು ಅವಳ ತೋಳು ಹಿಡಿದುಕೊಂಡೆ.

ಮುದುಕಿ ಅವಳನ್ನೇ ಒಂದು ಗಳಿಗೆ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಎಂದು ನನಗೆ ಅನಿಸಿತು. ಮತ್ತೆ ತಲೆ ತಗ್ಗಿಸಿ ಮೊಳ ಹಾಕುತ್ತ, "ಏನಂದೆವ್ವಾ? ಈ ಗದ್ದಲದಾಗ ನನಗೇನೂ ಕೇಳ್ಸಲಿಲ್ಲ," ಎಂದಳು.

ಪಕ್ಕದ ತೆಂಗಿನಕಾಯಿಯವನು ಮುದುಕಿಯ ಕಡೆ ನೋಡಿ, "ನನಗೂ ಕೇಳ್ಸಿಲ್ರಿ," ಎಂದ. ಅವನಾಚೆ ನಿಂಬೆಹಣ್ಣು ಮಾರುತ್ತಿದ್ದ ಹೆಂಗಸು, "ಯಾರರ ಮಾತಾಡಿದ್ರೇನ?" ಎಂದು ಅತ್ತಿತ್ತ ನೋಡಿದಳು. ಹೂವು ಕೊಳ್ಳಲು ನಿಂತಿದ್ದ ಗಿರಾಕಿ ಕೂಡ, ತನ್ನ ಕಿವಿ ಮೊದಲಿನಿಂದಲೂ ಮಂದ ಎಂದು ಯಾರೂ ಕೇಳದಿದ್ದರೂ ಹೇಳಿದ.

ಅವ್ವ ಬಾಯಿಂದ ಕೈ ತೆಗೆದಳು. ಸಾಲಿನಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ತಮ್ಮ ತಮ್ಮ ಬುಟ್ಟಿಯಲ್ಲಿ ಮುಳುಗಿದ್ದರು. ಅವಳ ಕಣ್ಣು ತುಂಬಿ ಬಂತು. ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಖರೆನ ಯಾರಿಗೂ ಕೇಳ್ಸಿಲ್ಲೇನಬೇ?"

"ಇಲ್ಲವ್ವಾ."

"ಹಂಗಾರ ಇನ್ನೊಮ್ಮಿ ಹೇಳ್ಲೇನು?" ಎಂದಳು ಅವ್ವ.